ರಾಜನ ಎರಡನೇ ಜಿಗಿತ

ಚದುರಂಗ ಆಡೋರೆಲ್ಲಾ ಶಾಣ್ಯಾರು ಅಂತ ಜನ ತಿಳಕೊಂಡಾರ. ತಪ್ಪರಿ. ನಾ ಸಣ್ಣ ಹುಡುಗ ಇದ್ದಾಗಿಂದ ಆಡಾಕತ್ತೀನಿ, ನಮ್ಮ ಮನ್ಯಾಗ ಇನ್ನೂ ಯಾರೂ ನನ್ನ ಶಾಣ್ಯಾ ಅಂದಿಲ್ಲ.

ಬೆಟಗೇರ್ಯಾಗ ಮಗ್ಗ ಜೋರಿದ್ದ ಕಾಲಕ್ಕ ಈ ಆಟ ನಮ್ಮ ಓಣಿ ಕಟ್ಟಿ ಮ್ಯಾಲ ನಡೀತಿತ್ತು. ಪಟ ಅಂದ್ರ ಸೀಮಿಸುಣ್ಣದ ಗೆರಿ. ಆಡೋರು ಇಬ್ಬರು, ಕಲಿಸೋರು ಹತ್ತು ಮಂದಿ. ಒಳಗ ಲಾಳಿ ಸಪ್ಪಳ, ಹೊರಗ "ಶಹಾ ಕೊಡಲೇ, ಕೊಡು!" ಅನ್ನೋ ಗದ್ದಲ. ನನ್ನ ಹೆಂಡತಿ ಸುಶೀಲಾ ಬಾಗಲದಾಗ ಕುಂತು ನೂಲಿನ ಕಂಡಿಕಿ ಸುತ್ತತಿದ್ದಳು. ನಮ್ಮ ಕಡೆ ಒಮ್ಮಿನೂ ತಲಿ ಎತ್ತಿದ್ದು ನಾ ಕಂಡಿಲ್ಲ. ಈಗ ಆ ಕಟ್ಟಿಗೆ ಮೋಟಾರ ಸೈಕಲ್ಲು ಆನಿಸಿರತಾರ.

ಹೋದ ವರ್ಷ ಸುಶೀಲಾಗ ಲಕ್ವಾ ಹೊಡೀತು. ಜೀವ ಉಳೀತು, ಮಾತು ಹೋತು. ಡಾಕ್ಟರು "ಬಂದ್ರ ಬರಬಹುದು" ಅಂದ್ರು. ಅವತ್ತಿಂದ ಆಕಿ ಬಾಯಿ ನೋಡೋದ ನನಗ ಕೆಲಸ ಆತು. ನೀರು ಕುಡಿಸಿದ್ರೂ ನೋಡೋದು, ನಿದ್ದಿ ಹತ್ತಿದ್ರೂ ನೋಡೋದು.

ಬಳಿ ಅಂಗಡಿ ಮಕ್ತುಮ ನನ್ನ ಹಳೇ ಜೋಡಿ. ಒಂದಿನ ಸಂಜಿಕೆ ಕಟಗಿ ಪಟ ಬಗಲಾಗ ಹಿಡಕೊಂಡು ಬಂದ. "ಕುಂಡ್ರಲೇ, ವೈನಿ ಮಂಚದ ಬಾಜೂಕ ಹಾಕೂಣು" ಅಂದ. ಸುಶೀಲಾಗ ಅಂವ ವೈನಿ ಅಂತಾನ. ಇಂಥಾ ಹೊತ್ತಿನ್ಯಾಗ ಆಟಾ? ಸಿಟ್ಟು ಬಂತು, ಆದ್ರೂ ಕುಂತೆ. ಖರೆ ಹೇಳ್ತೀನಿ, ನನ್ನ ಕುದುರಿ ಸಾಯೋ ಹಂಗ ಆದಾಗ ಒಂದು ಗಳಿಗಿ ಡಾಕ್ಟರ ಮಾತು ಮರತಬಿಟ್ಟೆ. ಆನಿ, ಒಂಟಿ, ಪ್ಯಾದಿ ಎಲ್ಲಾ ಕೂಡಿಸಿ ಈ ಆಟ ಕಟ್ಟಿದ ಪುಣ್ಯಾತ್ಮ ಯಾರೋ ಏನೋ, ಗಾಬರಿಬಿದ್ದ ಮನಸ್ಸಿಗೆ ನಿಲ್ಲಾಕ ಎಂಟು ಮನಿ ಉದ್ದ, ಎಂಟು ಮನಿ ಅಗಲದ ಜಾಗ ಮಾಡಿಕೊಟ್ಟಾನ. ಅದರಾಚೆ ನಮ್ಮ ಕೈಲೆ ಏನೂ ಆಗಂಗಿಲ್ಲ. ಅದರೊಳಗ ಏನಾರ ಒಂದು ಮಾಡಾಕ ಬರತೈತಿ. ಹಿಂಗ ದಿನಾ ಸಂಜಿಕೆ ಪಟ ಬೀಳಾಕತ್ತಿತು.

ನಮ್ಮ ದೇಶಿ ಆಟದಾಗ, ಶಹಾ, ಅಂದ್ರ ಚೆಕ್ಕು, ಬೀಳೋಕಿಂತ ಮೊದಲ ರಾಜ ಒಮ್ಮೆ ಕುದುರಿ ಹಂಗ ಜಿಗೀಬಹುದು. ಒಮ್ಮೆ ಅಷ್ಟ. ಮೊಬೈಲನ್ಯಾಗಿನ ಚೆಸ್ಸು ಇದನ್ನ ಒಪ್ಪಂಗಿಲ್ಲ, ಅದಕ್ಕ ಅದು ನನಗ ಸೇರಂಗಿಲ್ಲ. ಒಂದು ಸಂಜಿ ಧ್ಯಾನ ಎಲ್ಲೋ ಇತ್ತು, ರಾಜನ್ನ ಎರಡನೇ ಸಲ ಜಿಗಿಸಿಬಿಟ್ಟೆ. ಮಕ್ತುಮ ನೋಡಿದ. ಇದ ಮಾತಿಗೆ ಒಂದು ಕಾಲಕ್ಕ ನನ್ನ ಅಂಗಿ ಹಿಡಿದು ಜಗ್ಗಿದ ಮನಶ್ಯಾ, ನೋಡಿದ್ರೂ ನೋಡದಂಗ ತನ್ನ ಪ್ಯಾದಿ ಮುಂದ ಸರಿಸಿದ.

ಮಂಚದ ಮ್ಯಾಲಿಂದ ಒಂದು ಒಡಕ ದನಿ ಬಂತು: "ಜಿ... ಜಿಗದಾತು!"

"ಯಾ ಅಲ್ಲಾ, ವೈನೀ!" ಅಂತ ಮಕ್ತುಮ ಎದ್ದ ರಭಸಕ್ಕ ಪಟ ಉಳ್ಳಿ ಬಿತ್ತು. ನನಗ ಅಳು ತಡೀಲಿಲ್ಲ. ಸುಶೀಲಾ ಮಾತ್ರ ಬಿದ್ದ ರಾಜನ್ನ ಬೆರಳಲೆ ತೋರಿಸಿ, ಹಿಂದಕ್ಕ ಇಡು ಅಂತ ಸನ್ನಿ ಮಾಡಾಕತ್ತಿದ್ದಳು.

ಈಗ ಆಕಿಗೆ ಒಂದೊಂದ ಮಾತು ಬರಾಕತ್ತಾವು. ಬಂದದ್ದೆಲ್ಲಾ ನನ್ನ ಆಟದ ಮ್ಯಾಲ ಖರ್ಚು. ವಜೀರನ್ನ ಮುಟ್ಟಿದ್ರ "ಬ್ಯಾಡ", ಪ್ಯಾದಿ ಸರಿಸಿದ್ರ "ಹುಚ್ಚ". ಕಷ್ಟದಾಗ ಮನಸ್ಸಿಗೆ ಸಮಾಧಾನ ಬೇಕಂದ್ರ ಚದುರಂಗ ಆಡ್ರಿ ಅಂತ ನಿಮಗ ಹೇಳಾಕ ಕುಂತಿದ್ದೆ. ನಮ್ಮ ಮನ್ಯಾಗ ಮಾತ್ರ ಈಗ ಆ ಆಟದಾಗ ಒಂದೀಟೂ ಸಮಾಧಾನ ಉಳದಿಲ್ಲರಿ, ದೇವರ ದಯಾ.