ತಪ್ಪು ಅಂಕ ಹೇಳುವ ಕೆಲಸ

ಕೊರೊನಾ ಮುಗಿದು ಸಂತೆಗಳು ಮತ್ತೆ ಶುರುವಾದ ವರ್ಷ ನನಗೆ ಹರಪನಹಳ್ಳಿಯ ಒಂದು ಸಣ್ಣ ರೇಡಿಯೊ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಕೆಲಸದ ಹೆಸರು ಸ್ಕೋರರ್. ಅಂದರೆ ಸ್ಪರ್ಧೆಯಲ್ಲಿ ಯಾವ ತಂಡಕ್ಕೆ ಎಷ್ಟು ಅಂಕ ಬಂತು ಎಂದು ಮೈಕಿನಲ್ಲಿ ಹೇಳುವವಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ, ಅರವತ್ತು ದಾಟಿದ ಹೆಂಗಸನ್ನು ಇಂಥ ಕೆಲಸಕ್ಕೆ ಯಾರು ತೆಗೆದುಕೊಳ್ಳುತ್ತಾರೆ ಎಂದು ನಿಮಗೆ ಅನ್ನಿಸಬಹುದು. ತೆಗೆದುಕೊಂಡರು. ಅದಕ್ಕೊಂದು ಕಾರಣ ಇತ್ತು.

ಅದಕ್ಕೂ ಮೊದಲು ನಾನು ಸಂತೆಯಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಮಾರುತ್ತಿದ್ದೆ. ಒಂದು ದಿನ ಒಬ್ಬ ಗಿರಾಕಿ ಬಂದು ಉಳ್ಳಾಗಡ್ಡಿಯನ್ನು ಒಂದೊಂದೇ ಹಿಚುಕಿ ನೋಡಿ, ಏನೂ ಕೊಳ್ಳದೆ ಎದ್ದು ಹೊರಟ. "ಉಳ್ಳಾಗಡ್ಡಿ ನೋಡಾಕ ಬಂದಿದ್ಯೋ, ಹೆಣ್ಣು ನೋಡಾಕ ಬಂದಿದ್ಯೋ? ಒಪ್ಪಿಗಿ ಆತೋ ಇಲ್ಲೋ ಹೇಳಿ ಹೋಗಲೇ!" ಎಂದು ಕೂಗಿದೆ. ಪಕ್ಕದಲ್ಲಿ ನಿಂತಿದ್ದ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರೇ ಕೇಂದ್ರದ ಮ್ಯಾನೇಜರ್ ಶಿವಕುಮಾರ ಸರ್. ಮರುವಾರ ನಾನು ಮೈಕಿನ ಮುಂದೆ ಕೂತಿದ್ದೆ.

ಕಾರ್ಯಕ್ರಮದ ಹೆಸರು 'ನಗೆಗೊಂದು ಅಂಕ'. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಕಡೆಯ ಊರುಗಳಿಂದ ವಾರಕ್ಕೆ ಎರಡು ತಂಡ ಬರುತ್ತಿದ್ದವು. ನಮ್ಮ ಕೇಂದ್ರದ ಸಿಗ್ನಲ್ ಊರಿನಾಚೆ ಬಹಳ ದೂರ ಮುಟ್ಟುವುದಿಲ್ಲ, ದೂರದವರು ಫೋನಿನಲ್ಲಿ ಹಾಕಿಕೊಂಡು ಕೇಳುತ್ತಿದ್ದರು. ನಿಯಮ ಹೀಗೆ: ಉತ್ತರ ಸರಿಯಾದರೆ ಎರಡು ಅಂಕ. ಉತ್ತರ ತಪ್ಪಾದರೂ ಎದುರಿಗೆ ಕೂತ ಜನ ನಕ್ಕರೆ ಒಂದು ಅಂಕ. ಪ್ರಶ್ನೆ ಕೇಳುವವನು ಚಂದ್ರು. ನಾಟಕದಲ್ಲಿ ಹಾಸ್ಯದ ಪಾತ್ರ ಮಾಡಿ ಹೆಸರಾದವನು, ಬಾಯಿ ತೆರೆದರೆ ಸಾಕು ಜನ ನಗುತ್ತಿದ್ದರು.

ನನ್ನ ಕೆಲಸ ಅಂಕ ಹೇಳುವುದು ಅಂದೆನಲ್ಲ, ಪೂರ್ತಿ ಹೇಳಬೇಕೆಂದರೆ ತಪ್ಪು ಅಂಕ ಹೇಳುವುದು. ಓದು ಬಾರದ ಮುದುಕಿ ಲೆಕ್ಕ ತಪ್ಪುತ್ತಾಳೆ, ಜನ ನಗುತ್ತಾರೆ. ಇದು ಅವರ ಐಡಿಯಾ. ಚಂದ್ರು ಮೊದಲೇ ಕಿವಿಯಲ್ಲಿ ಹೇಳಿಕೊಡುತ್ತಿದ್ದ. ನಾನು ಮೈಕಿನಲ್ಲಿ, "ಹಡಗಲಿಯವ್ರಿಗೆ ಏಳು. ಕೂಡ್ಲಿಗಿಯವ್ರಿಗೆ ಐದು, ಆದ್ರ ಅವ್ರು ದೂರದಿಂದ ಬಂದಾರ, ಕೊಸರು ಎರಡು ಹಾಕೀನಿ" ಎನ್ನುತ್ತಿದ್ದೆ. ಚಂದ್ರು, "ಅಯ್ಯೋ ಅಂಕದವ್ವ, ಇದೇನು ಸಂತಿ ಏನಬೇ?" ಎಂದು ಹಣೆ ಬಡಿದುಕೊಂಡು, ಸರಿಯಾದ ಅಂಕ ಅಂತ ಬೇರೊಂದು ಹೇಳುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ದಾರಿಯಲ್ಲಿ ಸಿಕ್ಕವರು ನನ್ನನ್ನು ಅಂಕದವ್ವ ಎಂದೇ ಕರೆಯುವಂತಾಯಿತು. ಇದರಲ್ಲಿ ನನಗೆ ನಾಚಿಕೆ ಏನೂ ಇರಲಿಲ್ಲ. ನಗಿಸುವುದೂ ಕೆಲಸವೇ, ಮಾಡಿದೆ.

ಬಹುಮಾನದ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೊನೆಯ ಸುತ್ತಿನಲ್ಲಿ ಗೆದ್ದ ತಂಡಕ್ಕೆ ಟ್ರೋಫಿ, ಶಾಲು ಏನೂ ಇಲ್ಲ. ಅವರ ಊರಿಗೆ ರೇಡಿಯೊ ಹೋಗಿ ಒಂದು ತಾಸು ಲೈವ್ ಮಾಡುತ್ತದೆ. ಲೈವ್ ಅಂದರೆ ಆಡಿದ ಮಾತು ಆಡಿದ ಹೊತ್ತಿಗೇ ಎಲ್ಲರ ಮನೆಗೆ ಹೋಗುವುದು, ನಡುವೆ ಕತ್ತರಿ ಇಲ್ಲ. ಆ ತಾಸಿಗೆ ಊರಿನವರು ಕೇಳಿದ ಇಲಾಖೆಯ ಅಧಿಕಾರಿಯನ್ನು ಕರೆಸಿ ಮೈಕಿನ ಮುಂದೆ ಕೂರಿಸುವುದಾಗಿ ಕೇಂದ್ರದವರು ಮಾತು ಕೊಟ್ಟಿದ್ದರು.

ಕೊನೆಯ ಸುತ್ತಿಗೆ ಬಂದದ್ದು ಕೊಟ್ಟೂರಿನ ಅಂಗಡಿಕಾರರ ತಂಡ ಮತ್ತು ಹಲವಾಗಲು ಕಡೆಯ ಹೊಳೆದಂಡೆಯ ಒಂದು ಊರಿನ ಹೆಂಗಸರ ತಂಡ. ಹೆಂಗಸರ ಮುಂದಾಳು ಹುಲಿಗೆವ್ವ. ಅವಳ ಊರಿನ ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದು ವರ್ಷ ದಾಟಿತ್ತು. ಬೋರಿನ ನೀರು ಕುಡಿದು ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದವು. ಅರ್ಜಿ ಕೊಟ್ಟು ಕೊಟ್ಟು ಸಾಕಾದವರು ಈ ಒಂದು ತಾಸಿಗಾಗಿ ಸ್ಪರ್ಧೆಗೆ ಬಂದಿದ್ದರು. ಮೊದಲ ದಿನವೇ ಹುಲಿಗೆವ್ವ ನನಗೆ ಹೇಳಿದ್ದಳು: "ಯಕ್ಕಾ, ನಮಗ ನಗಸಾಕ ಬರಂಗಿಲ್ಲ. ಆದ್ರ ಆ ಬೀಗದ ಬಗ್ಗಿ ಉತ್ತರ ಕೊಡೋ ಮನುಷ್ಯಾನ್ನ ಒಂದ್ಸಲ ಎದುರಿಗೆ ಕುಂದರಿಸ್ಕೋಬೇಕು."

ನಗಿಸಲು ಬರುವುದಿಲ್ಲ ಅಂದವಳು ಕೊನೆಯ ಸುತ್ತಿನ ದಿನ ಎಲ್ಲರನ್ನೂ ನಗಿಸಿದಳು. ತುಂಗಾ ಮತ್ತು ಭದ್ರಾ ಎಲ್ಲಿ ಕೂಡುತ್ತವೆ ಎಂದು ಚಂದ್ರು ಕೇಳಿದ. ಹುಲಿಗೆವ್ವ, "ಎಲ್ಯಾರ ಕೂಡ್ಲಿ ಬಿಡ್ರಿ, ನಮ್ಮ ನಳದಾಗಂತೂ ಒಂದೂ ಬರವಲ್ದು. ಹೊಳಿ ದಂಡಿ ಮ್ಯಾಲೆ ಕುಂತು ಕ್ಯಾನ್ ನೀರು ಕೊಳ್ಳೋ ಮಂದಿ ನಾವು" ಎಂದಳು. ಜನ ಚಪ್ಪಾಳೆ ತಟ್ಟಿ ನಕ್ಕರು. ಕೊನೆಗೆ ನಾನು ನನ್ನ ತಪ್ಪು ಅಂಕ ಹೇಳಿದೆ. ಚಂದ್ರು ಹಣೆ ಬಡಿದುಕೊಂಡು ಸರಿಯಾದದ್ದು ಅಂತ ಹೇಳಿದ: ಕೊಟ್ಟೂರಿನವರಿಗೆ ಹದಿನಾಲ್ಕು, ಹೆಂಗಸರಿಗೆ ಹದಿಮೂರು. ಒಂದೇ ಅಂಕದಲ್ಲಿ ಅವರು ಸೋತರು.

ಮರುದಿನ ಹುಲಿಗೆವ್ವ ತನ್ನ ತಂಡ ಕಟ್ಟಿಕೊಂಡು ಕೇಂದ್ರಕ್ಕೆ ಬಂದಳು. "ಹೊಳಿ ಪ್ರಶ್ನಿಗೆ ಮಂದಿ ನಕ್ರು. ಆ ಅಂಕ ಹಿಡಿದೀರೋ ಇಲ್ಲೋ, ಅಷ್ಟು ಹೇಳ್ರಿ, ಹೋಗ್ತೀವಿ" ಎಂದಳು. ನ್ಯಾಯವಾದ ಮಾತು. ಶಿವಕುಮಾರ ಸರ್ ನಗುನಗುತ್ತಾ ರೇಷ್ಮಾಳನ್ನು ಕರೆದರು. ರೇಷ್ಮಾ ಅಂದರೆ ಎಡಿಟಿಂಗ್ ಮಾಡುವ ಹುಡುಗಿ. ರೆಕಾರ್ಡ್ ಆದದ್ದರಲ್ಲಿ ಬೇಡದ್ದನ್ನು ಕತ್ತರಿಸಿ, ಬೇಕಾದದ್ದನ್ನು ಜೋಡಿಸುವುದು ಅವಳ ಕೆಲಸ.

"ಪೂರ್ತಿ ರೆಕಾರ್ಡಿಂಗ್ ಹಾಕಮ್ಮ, ಎಣಿಸಿಬಿಡೋಣ" ಅಂದರು ಸರ್.

"ಪೂರ್ತಿದು ಇಲ್ರಿ ಸರ್. ಜಾಗ ಸಾಲಂಗಿಲ್ಲಂತ ಎಡಿಟ್ ಆದ ಕೂಡ್ಲೇ ಅಳಿಸ್ತೀವಲ್ರಿ. ನಗು ಬರದ ಪ್ರಶ್ನೆಲ್ಲ ತೆಗೆದೀನಿ. ನೀವೇ ಹೇಳಿದ್ರಿ."

"ಇರ್ಲಿ. ಅಂಕ ನೀನು ಬರ್ಕೊಂಡಿರ್ತೀಯಲ್ಲ?"

"ನಾನ್ಯಾಕ್ರಿ ಬರ್ಕೊಳ್ಳಿ? ಚಂದ್ರಣ್ಣ ಹೇಳ್ತಾರಲ್ರಿ."

ಎಲ್ಲರೂ ಚಂದ್ರುವಿನ ಮುಖ ನೋಡಿದೆವು. ಅವನು ಚಹಾ ಕುಡಿಯುತ್ತಿದ್ದ. "ನನಗ ಪ್ರಶ್ನಿ ಕೇಳಬೇಕು, ನಗಸಬೇಕು, ಎಣಸ್ತಾ ಕುಂದರಾಕ ಆಗತೈತೇನ್ರಿ? ಸರ್ ಬರ್ಕೊಂತಾರ ಅನ್ಕೊಂಡಿದ್ದೆ. ಅಂದಾಜಿನ ಮ್ಯಾಲೆ ಹೇಳ್ತಿದ್ದೆ."

"ಅಂದಾಜು ಅಂದ್ರ?" ಎಂದಳು ಹುಲಿಗೆವ್ವ.

"ಅಂದ್ರ… ಮಂದಿ ಮುಖ ನೋಡಿ."

ಆ ಕೋಣೆಯಲ್ಲಿ ನಾಲ್ಕು ಜನ ಸಂಬಳದವರು ಇದ್ದೆವು. ತಪ್ಪು ಅಂಕ ಹೇಳುವುದಕ್ಕೆ ಒಬ್ಬಳನ್ನು ನೇಮಿಸಿದ್ದರು. ಸರಿ ಅಂಕ ಇಟ್ಟುಕೊಳ್ಳುವುದಕ್ಕೆ ಯಾರೂ ಇರಲಿಲ್ಲ. ಅದೊಂದು ದಿನದ ಮಾತಲ್ಲ, ಮೊದಲ ವಾರದಿಂದಲೂ ಹಾಗೇ ನಡೆದಿತ್ತು. ಗಾಡಿ ಮಾಡಿಕೊಂಡು ಬಂದು, ಗೆದ್ದೆವೆಂದು ಕುಣಿದು, ಸೋತೆವೆಂದು ತಲೆ ತಗ್ಗಿಸಿ ಹೋದ ಊರುಗಳೆಲ್ಲ ಚಂದ್ರುವಿನ ಅಂದಾಜಿನ ಮೇಲೆ ಗೆದ್ದು ಸೋತಿದ್ದವು.

ಶಿವಕುಮಾರ ಸರ್ ಗಂಟಲು ಸರಿಮಾಡಿಕೊಂಡರು. "ನೋಡ್ರಮ್ಮ, ಇದು ಹಾಸ್ಯ ಕಾರ್ಯಕ್ರಮ. ಅಂಕವನ್ನ ಇಷ್ಟು ಸೀರಿಯಸ್ ಆಗಿ ಯಾರೂ ತಗೊಳ್ಳೋದಿಲ್ಲ."

"ನಾವು ತಗೊಂಡೀವಲ್ರಿ" ಅಂದಳು ಹುಲಿಗೆವ್ವ. "ಇನ್ನೊಮ್ಮೆ ಆಡಿಸೋಣ ಅನ್ನಬ್ಯಾಡ್ರಿ. ನೀವು ಎಣಸಲಿಲ್ಲಂತ ನಾವು ಮತ್ತ ಬಂದು ಮಂದಿ ನಗಸಾಕ ಆಗಂಗಿಲ್ಲ."

ಹೆಂಗಸರು ಹೋದರು. ಅದೇ ಸಂಜೆ ರೇಡಿಯೊದಲ್ಲಿ ಒಂದು ಪ್ರಕಟಣೆ ಬಂತು. ನಮ್ಮ ಪ್ರೀತಿಯ ಅಂಕದವ್ವ ಲೆಕ್ಕದಲ್ಲಿ ತಪ್ಪಿದ್ದರಿಂದ ಗೊಂದಲ ಉಂಟಾಗಿದೆ, ಹಿರಿಯ ಜೀವ, ಕೇಳುಗರು ದೊಡ್ಡ ಮನಸ್ಸು ಮಾಡಬೇಕು, ಫಲಿತಾಂಶದಲ್ಲಿ ಬದಲಾವಣೆ ಇಲ್ಲ. ನಾನು ರೊಟ್ಟಿ ಬಡಿಯುತ್ತಾ ಅದನ್ನು ಕೇಳಿದೆ. ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಮರುದಿನ ಸಂತೆಯಲ್ಲಿ ಹಲವಾಗಲು ಕಡೆಯ ಒಬ್ಬಳು ಮುಖಕ್ಕೇ ಹೇಳಿದಳು: "ಎಣಿಸಾಕ ಬರಂಗಿಲ್ಲ ಅಂದ್ರ ಮನ್ಯಾಗ ಕುಂದರಬೇಕಿತ್ತಬೇ. ನಮ್ಮ ನೀರು ಹಾಳು ಮಾಡಿದಿ." ಉತ್ತರ ಕೊಡದೆ ಯಾರ ಮಾತನ್ನೂ ಬಿಟ್ಟವಳಲ್ಲ ನಾನು. ಅವತ್ತು ಚೀಲ ಎತ್ತಿಕೊಂಡು ಮುಂದೆ ನಡೆದೆ. ರೇಡಿಯೊ ಹೇಳಿದ್ದನ್ನು ನಂಬಿದವಳ ಮೇಲೆ ಏನಂತ ಕೂಗಾಡುವುದು?

ಕೇಂದ್ರಕ್ಕೆ ಹೋಗಿ ಸರ್ ಅವರನ್ನು ಕೇಳಿದೆ. "ಅಜ್ಜಿ, ನಿಮ್ಮ ಮೇಲೆ ಯಾರೂ ಸಿಟ್ಟು ಮಾಡೋದಿಲ್ಲ. ನೀವು ತಪ್ಪಿದ್ರೆ ಜನ ನಗ್ತಾರೆ. ನಾವು ತಪ್ಪಿದ್ರೆ ಕೇಂದ್ರದ ಹೆಸರು ಹೋಗುತ್ತೆ" ಅಂದರು. ಅದೂ ಎಷ್ಟು ಮೆತ್ತಗೆ! ನನಗೇನೋ ಉಪಕಾರ ಮಾಡಿದವರ ಹಾಗೆ.

ಬಹುಮಾನ ಘೋಷಣೆಯ ಕಾರ್ಯಕ್ರಮ ಊರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ನಮ್ಮ ಕಾರ್ಯಕ್ರಮದಲ್ಲಿ ಅದೊಂದು ಮಾತ್ರ ಲೈವ್. ಜನ ತುಂಬಿದ್ದರು, ಹುಲಿಗೆವ್ವನ ತಂಡವೂ ಹಿಂದಿನ ಸಾಲಿನಲ್ಲಿ ಬಂದು ಕೂತಿತ್ತು. ಚಂದ್ರು, "ಅಂಕದವ್ವ, ಕೊನೇ ಸಲ ಅಂಕ ಹೇಳಿಬಿಡಬೇ" ಎಂದು ಮೈಕು ಕೊಟ್ಟ. ನಾನು ಹೇಳಿದೆ: "ಅಂಕ ಎಷ್ಟಂತ ನನಗ ಗೊತ್ತಿಲ್ಲ. ಈ ರೇಡಿಯೊದಾಗ ಯಾರಿಗೂ ಗೊತ್ತಿಲ್ಲ. ಯಾರೂ ಎಣಿಸಿಲ್ಲ."

ಮಂಟಪ ಹಾರಿಹೋಗುವ ಹಾಗೆ ನಕ್ಕರು. ಅಷ್ಟು ದೊಡ್ಡ ನಗು ನನಗೆ ಯಾವತ್ತೂ ಬಂದಿರಲಿಲ್ಲ.

"ಖರೇನ ಹೇಳಾಕತ್ತೀನಿ" ಅಂದೆ. ಇನ್ನೂ ನಕ್ಕರು. ಚಂದ್ರು ಕಿವಿಯ ಹತ್ತಿರ ಬಂದು, "ಭಾರಿ ಐತಬೇ, ಇದನ್ನ ಇನ್ನಷ್ಟು ಎಳಿ" ಅಂದ. ಆಗ ನನಗೆ ಬಂದ ಸಿಟ್ಟು ಈಗ ಹೇಳುವಾಗಲೂ ನಾಲಿಗೆಗೆ ಬರುತ್ತಿದೆ. ಸುಳ್ಳು ಹೇಳಿದಾಗಲೂ ನಗು, ನಿಜ ಹೇಳಿದಾಗಲೂ ಅದೇ ನಗು.

ಹೇಳುವುದನ್ನು ಬಿಟ್ಟು ಕೇಳತೊಡಗಿದೆ. ಮೈಕನ್ನು ಅವನ ಬಾಯಿಗೆ ಹಿಡಿದೆ. "ಚಂದ್ರು, ಹದಿನಾಲ್ಕು ಅಂದ್ಯಲ್ಲ, ಹೆಂಗ ಬಂದ್ವು? ಒಂದೊಂದ ಹೇಳು." ಅವನು ಕಣ್ಣು ಹೊರಳಿಸಿ ನಗಿಸಲು ನೋಡಿದ, ನಕ್ಕರು. ಮೈಕು ತೆಗೆಯಲಿಲ್ಲ ನಾನು. "ಹೇಳು" ಅಂದೆ. ಅವನು ಸರ್ ಕಡೆ ನೋಡಿದ. ಮುಂದಿನ ಸಾಲಿಗೆ ತಿರುಗಿದೆ. "ಶಿವಕುಮಾರ ಸರ್, ನೀವಾದ್ರೂ ಹೇಳ್ರಿ." ಸರ್ ನೆಲ ನೋಡಿದರು. ನಗು ಅಲ್ಲೊಂದು ಇಲ್ಲೊಂದು ಉಳಿಯಿತು. ಕೊಟ್ಟೂರಿನ ತಂಡದ ಯಜಮಾನರನ್ನು ಕೇಳಿದೆ. ಅವರು ಎದ್ದು ನಿಂತು, "ನಮಗೂ ಗೊತ್ತಿಲ್ಲಬೇ. ಗೆದ್ದೀರಿ ಅಂದ್ರು, ಹ್ಞೂಂ ಅಂದ್ವಿ" ಅಂದರು. ಆಮೇಲೆ ಒಬ್ಬರೂ ನಗಲಿಲ್ಲ.

ಆ ಯಜಮಾನರೇ ಮುಂದುವರಿದು, "ತಾಸಿನಾಗ ಅರ್ಧ ಆ ಹೆಣ್ಣುಮಕ್ಕಳಿಗೆ ಕೊಡ್ರಿ" ಅಂದರು. ಹುಲಿಗೆವ್ವ ಹಿಂದಿನಿಂದ ಕೂಗಿದಳು: "ಸೋತಿದ್ರ ನಮಗ ಒಂದು ನಿಮಿಷನೂ ಬ್ಯಾಡ್ರಿ ಯಜಮಾನ್ರ. ಗೆದ್ದಿದ್ರ ಪೂರಾ ಬೇಕು. ಯಾವ್ದು ಅಂತ ಅವ್ರು ಹೇಳ್ಲಿ." ಅಷ್ಟರಲ್ಲಿ ಯಾರೋ ಮೈಕಿನ ಸದ್ದು ಇಳಿಸಿ ಹಾಡು ಹಾಕಿದರು.

ವಾರದ ನಂತರ ಕೇಂದ್ರದವರು ವಿವಾದ ಬೇಡವೆಂದು ಆ ಒಂದು ತಾಸನ್ನೇ ರದ್ದು ಮಾಡಿದರು. ಇಬ್ಬರಿಗೂ ಇಲ್ಲ. ಯಾವ ಅಧಿಕಾರಿಯೂ ಹೊಳೆದಂಡೆಗೆ ಹೋಗಿ ಮೈಕಿನ ಮುಂದೆ ಕೂರಲಿಲ್ಲ. ಹುಲಿಗೆವ್ವನ ಊರಿನವರು ಈಗಲೂ ಕ್ಯಾನ್ ನೀರು ಕೊಳ್ಳುತ್ತಾರೆ. ಆದರೆ ಅವಳು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. "ನೀರು ಬರ್ಲಿಲ್ಲ, ಆದ್ರ ನಾವು ಸೋತೀವಿ ಅನ್ನಾಕ ಯಾರಿಗೂ ಬಾಯಿಲ್ಲ ಈಗ" ಅಂದಳು. ಮತ್ತೆ ಅರ್ಜಿ ಹಿಡಿದು ಓಡಾಡುತ್ತಿದ್ದಾಳೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನಿಮ್ಮನ್ನು ತಪ್ಪು ಮಾಡುವುದಕ್ಕೇ ಎಲ್ಲಾದರೂ ಕೂರಿಸಿದರೆ, ಸರಿ ಮಾಡುವುದಕ್ಕೆ ಯಾರನ್ನು ಕೂರಿಸಿದ್ದಾರೆ ಎಂದು ಹೆಸರು ಹಿಡಿದು ಕೇಳಿ. ಹೆಸರು ಹೇಳದಿದ್ದರೆ ಎದ್ದು ಬನ್ನಿ. ಯಾಕೆಂದರೆ ಎಡವಟ್ಟಾದ ದಿನ ಅವರಿಗೆ ನೆನಪಾಗುವ ಹೆಸರು ನಿಮ್ಮದೊಂದೇ.

ಹೋದ ವರ್ಷ ಶಿವಕುಮಾರ ಸರ್ ಫೋನ್ ಮಾಡಿದ್ದರು. ಕಾರ್ಯಕ್ರಮ ಮತ್ತೆ ಶುರು ಮಾಡುತ್ತೇವೆ, ಜನ ಅಂಕದವ್ವನನ್ನು ಕೇಳುತ್ತಾರೆ, ಬರಬೇಕು ಅಂದರು. "ಈ ಸಲ ಅಂಕ ಎಣಿಸೋರು ಯಾರ್ರಿ?" ಎಂದು ಕೇಳಿದೆ. ಸರ್ ಜೋರಾಗಿ ನಕ್ಕರು. ಅವರ ನಗು ಮುಗಿಯುವ ತನಕ ನಾನು ಕಾಯಲಿಲ್ಲ, ಫೋನ್ ಇಟ್ಟೆ.