ಹೊಳೆಗೆ ಒಯ್ದ ಕೌದಿ

ಹೆಂಡತಿ ತೀರಿಕೊಂಡ ಮೇಲೆ, ನಮ್ಮಲ್ಲಿಯ ಪದ್ಧತಿಯಂತೆ ಅವಳ ಸೀರೆ, ಕೌದಿಯ ಗಂಟನ್ನು ಹೊಳೆಗೆ ಬಿಡಲು ಅಂಕಲಿಯ ಹತ್ತಿರ ಕೃಷ್ಣೆಯ ದಂಡೆಗೆ ಹೋದೆ. ನದಿಗೆ ಯಾರೂ ಏನನ್ನೂ ಎಸೆಯಬಾರದೆಂದು ಊರವರೇ ಸರದಿಯ ಮೇಲೆ ಅಲ್ಲಿ ಕಾಯುತ್ತಾರೆ. ಹಾಗೆ ಕಾಯಲು ಅವರನ್ನು ಒಪ್ಪಿಸಿದ ಶಾಲೆಯ ಮಾಸ್ತರ ನಾನೇ.

ಅಂದಿನ ಸರದಿ ಕುರಿ ಸಾಕುವ ಶಾಂತವ್ವನದು. ಬಾಡಿದ ಹಾರಗಳ ಚೀಲ ತಂದವನೊಬ್ಬನನ್ನು ನನ್ನೆದುರೇ, "ನಿಮ್ಮಪ್ಪನ ಹೊಳಿ ಏನ್ಲೇ ಇದು?" ಎಂದು ಬೈದು ಕಳಿಸಿದಳು. ನನ್ನ ಗಂಟು ನೋಡಿ ದನಿ ತಗ್ಗಿಸಿದಳು.

"ಅಕ್ಕಾರ್ವೇನ್ರಿ ಮಾಸ್ತರ?"

"ಹೌದು."

"ನಾ ಆ ಕಡೆ ಮುಖ ಮಾಡಿ ನಿಂದರತೇನ್ರಿ. ನೀವು ಬಿಟ್ಟು ಬರ್ರಿ."

ಬೈದಿದ್ದರೆ ಜಗಳವಾಡಿಯಾದರೂ ಬಿಡುತ್ತಿದ್ದೆನೇನೋ. ಬೆನ್ನು ತಿರುಗಿಸಿ ನಿಂತ ಅವಳನ್ನು ನೋಡಿ ಕೈ ಏಳಲಿಲ್ಲ. ಗಂಟನ್ನು ಮನೆಗೆ ಹೊತ್ತು ತಂದೆ.

ಮರುದಿನ ತರಗತಿಯಲ್ಲಿ ನದಿಯ ಪಾಠವಿತ್ತು. ಗಣಿತ ಮಾಡಿಸಿದೆ.