ಫೋನ್ ಇಡದ ಜಿಗಣೆ

ವಿಮೆ ಕಂಪನಿ ಜಿಗಣೆಗೆ ಆರು ತಿಂಗಳ ಪ್ರೋತ್ಸಾಹಧನ ಇನ್ನೂ ಕೊಟ್ಟಿಲ್ಲ. ಮಾತು ಉದ್ದವಾಯಿತೆಂದು ಮುರಿದುಕೊಂಡ ದುಡ್ಡದು.

ಜಿಗಣೆ ಆ ಆರೋಗ್ಯ ವಿಮೆ ಕಂಪನಿಯಲ್ಲಿ ಫೋನ್ ಎತ್ತುವ ಹೆಂಗಸು. ಹೆಸರಿಟ್ಟವರು ಅಕ್ಕಪಕ್ಕದ ಕುರ್ಚಿಯವರು. ಅಲ್ಲಿ ಪ್ರತಿ ಮೇಜಿನ ಮೇಲೂ ಒಂದು ದೀಪ. ಮಾತು ಹಿಗ್ಗಿದರೆ ಕೆಂಪಗಾಗುತ್ತಿತ್ತು, ಪ್ರೋತ್ಸಾಹಧನಕ್ಕೆ ಕತ್ತರಿ ಬೀಳುತ್ತಿತ್ತು. ಉಳಿದವರು ಅಷ್ಟರೊಳಗೆ "ನಿಮ್ಮ ಕಾರ್ಡ್ ಚಾಲ್ತಿಯಲ್ಲಿದೆ, ಆಸ್ಪತ್ರೆಯಲ್ಲಿ ವಿಚಾರಿಸಿ" ಎಂದು ಕೈತೊಳೆದುಕೊಳ್ಳುತ್ತಿದ್ದರು. ಈಕೆ ದೀಪಕ್ಕೆ ಕರ್ಚೀಫು ಹೊದಿಸಿ, ರೋಗಿ ಹಾಸಿಗೆ ಸೇರಿದ್ದನ್ನು ಕಿವಿಯಾರೆ ಕೇಳುವ ತನಕ ಫೋನ್ ಇಡುತ್ತಿರಲಿಲ್ಲ. ಹೆದರಿದವರಿಗೆ 'ವಿಚಾರಿಸಿ' ಅಂದರೆ 'ಮನೆಗೆ ಹೋಗಿ' ಎಂದೇ ಕೇಳಿಸುತ್ತದೆ. ಅವಳ ಅಪ್ಪ ಹಾಗೆಯೇ ಆಸ್ಪತ್ರೆ ಕೌಂಟರಿನಿಂದ ಮನೆಗೆ ಬಂದು ಮಲಗಿದವನು ಮತ್ತೆ ಏಳಲಿಲ್ಲ.

ಒಂದು ಮಧ್ಯಾಹ್ನ ಬಸ್ಸು ತೊಳೆಯುವವನೊಬ್ಬ ಫೋನ್ ಮಾಡಿದ. ಹೆಂಡತಿಗೆ ಎದೆನೋವು.

"ಮುಂಗಡ ಕಟ್ಟು ಅಂತಾರಕ್ಕಾ. ಮನೆಗೆ ಕರ್ಕೊಂಡು ಹೋಗ್ತೀನಿ, ನಾಳೆ ನೋಡಿದ್ರಾಯ್ತು."

"ಎಲ್ಲಿದೀಯಪ್ಪಾ?"

"ಆಸ್ಪತ್ರೆ ಗೇಟ್ ಹತ್ರ. ಗಾಡಿ ಬಂತು."

"ಗಾಡಿ ಕಳಿಸು. ಫೋನ್ ಇಡ್ಬೇಡ. ಒಳಗೆ ನಡಿ, ಕೌಂಟರಿನವ್ರ ಕೈಗೆ ಕೊಡು."

"ಬೈತಾರಕ್ಕಾ."

"ಬೈಲಿ ಬಿಡು. ಬೈಸ್ಕೊಳ್ಳೋಕೇ ನಂಗೆ ಸಂಬಳ."

ಕೌಂಟರಿನವನು ರಾಗ ಎಳೆದ: "ನಿಮ್ಮ ಕಂಪನಿ ಒಪ್ಪಿಗೆ ಬರ್ಲಿ ಮೇಡಂ, ಆಮೇಲೆ ನೋಡೋಣ."

"ಡಾಕ್ಟ್ರು ಬರೆದಿದ್ದನ್ನ ಈಗ್ಲೇ ಕಳಿಸಿ. ಕಾಯ್ತೀನಿ."

"ಎಷ್ಟು ಹೊತ್ತು ಕಾಯ್ತೀರಿ?"

"ನಿಮ್ಮ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತೆ?"

ಅವನು ಕಳಿಸಿದ. ಜಿಗಣೆ ಫೋನನ್ನು ಪಕ್ಕದವಳ ಕೈಗೆ ತುರುಕಿ, "ಇಡ್ಬೇಡ ಕಣೇ, ಏನೂ ತೋಚದಿದ್ರೆ ಕೆಮ್ತಾ ಇರು" ಎಂದು ಒಳಕೋಣೆಗೆ ಓಡಿದಳು. ಒಪ್ಪಿಗೆ ಕೊಡಬೇಕಾದ ಕಂಪನಿಯ ಡಾಕ್ಟರು ಊಟಕ್ಕೆ ಕೂತಿದ್ದರು. ಅವರನ್ನು ಎಂಜಲು ಕೈಯಲ್ಲೇ ಎಬ್ಬಿಸಿ ಒಪ್ಪಿಗೆ ಕಳಿಸಿದಳು. ವಾಪಸ್ ಬಂದರೆ ಮೇಲ್ವಿಚಾರಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ.

"ಏನಮ್ಮಾ, ಫೋನಲ್ಲೇ ಸಂಸಾರ ಹೂಡಿದೀಯಾ?"

"ಜನ ನಿಮ್ಮ ಗಡಿಯಾರ ನೋಡ್ಕೊಂಡು ಸಾಯ್ತಾರಾ ಸಾರ್?"

ಗಾಲಿ ಮಂಚ ಕಿರುಗುಟ್ಟಿದ ಸದ್ದು ಫೋನಿನಲ್ಲಿ ಕೇಳಿತು. "ಒಳಗೆ ಕರ್ಕೊಂಡ್ರು ಅಕ್ಕಾ" ಎಂದು ಅವನು ಬಿಕ್ಕಿದ. ಆಗ ಫೋನಿಟ್ಟಳು.

ಹೆಂಡತಿ ಬದುಕಿದಳು. ಜಿಗಣೆಯ ಆ ತಿಂಗಳ ಪ್ರೋತ್ಸಾಹಧನವೂ ಸತ್ತಿತು. ಮರುದಿನ ಕಚೇರಿಗೆ ಬಂದು ನೋಡಿದರೆ, ಅಷ್ಟೂ ಮೇಜಿನ ದೀಪಗಳ ಮೇಲೆ ಕರ್ಚೀಫು! ಮೊದಲು ಹೊದಿಸಿದವಳು ಆ ಕೆಮ್ಮಿದವಳೇ. ಎಲ್ಲರ ಪ್ರೋತ್ಸಾಹಧನವನ್ನೂ ಮುರಿಯುವ ಧೈರ್ಯ ಕಂಪನಿಗಿರಲಿಲ್ಲ. ದೀಪ ಕಿತ್ತರು. ಆಸ್ಪತ್ರೆ ಕೌಂಟರುಗಳ ಜೊತೆ ಕಂಪನಿಯೇ ನೇರ ಮಾತಾಡುವ ಹೊಸ ಮೇಜು ಹಾಕಿದರು, ಜಾಹೀರಾತಿನಲ್ಲಿ ಇದು ತಮ್ಮದೇ ತಲೆಗೆ ಹೊಳೆದದ್ದು ಎಂದು ಮೆರೆದರು. ಜಿಗಣೆಯ ದುಡ್ಡು ಮಾತ್ರ ಕೊಡಲಿಲ್ಲ. ಆಕೆ ಈಗಲೂ ತಿಂಗಳಿಗೊಮ್ಮೆ ಹೋಗಿ ಕೇಳುತ್ತಾಳೆ. ಜಿಗಣೆಯಲ್ಲವೇ.

ಕಾರ್ಡನ್ನು ಬೀರುವಿನಲ್ಲಿಟ್ಟು ನೆಮ್ಮದಿಯಾಗಿ ಇದನ್ನು ಓದುತ್ತಿರುವವರೇ, ಮೈ ಚೆನ್ನಾಗಿರುವಾಗಲೇ ನಿಮ್ಮ ಕಂಪನಿಗೆ ಫೋನ್ ಮಾಡಿ. ಕೌಂಟರಿನಲ್ಲಿ ನನ್ನ ಪರವಾಗಿ ಯಾರು ಮಾತಾಡುತ್ತೀರಿ ಎಂದು ಕೇಳಿ. ನೆಟ್ಟಗೆ ಉತ್ತರ ಬರುವ ತನಕ ಇಡಬೇಡಿ.